ಭೂತಾನ್ ಪ್ರವಾಸ: ಪ್ರವೇಶಾನುಮತಿ, ಶುಲ್ಕ ಹಾಗೂ ಹೆಚ್ಚು ಪರಿಚಿತವಲ್ಲದ ಕಣಿವೆಗಳ ಕುರಿತು ನಾಗರಿಕರಿಗೆ ಮಾಹಿತಿ

ಭಾರತೀಯ ನಾಗರಿಕರು ವೀಸಾ ಇಲ್ಲದೆ ಪ್ರವೇಶಿಸಬಹುದಾದ ನೆರೆಯ ರಾಷ್ಟ್ರಗಳಲ್ಲಿ ಭೂತಾನ್ ಒಂದಾಗಿದೆ. ಆದರೆ ವೀಸಾ ಬೇಡವೆಂದರೆ ದಾಖಲೆಗಳೇ ಬೇಡವೆಂದು ಅರ್ಥವಲ್ಲ. ಈ ವ್ಯತ್ಯಾಸವನ್ನು ತಿಳಿಯದೆ, ಆಧಾರ್ ಚೀಟಿಯೊಂದನ್ನೇ ನಂಬಿ ಬೆಂಗಳೂರಿನಿಂದ ಎರಡು ದಿನಗಳ ಕಾಲ ರೈಲಿನಲ್ಲಿ ಪ್ರಯಾಣಿಸಿ ಗಡಿ ತಲುಪುವ ಕುಟುಂಬಕ್ಕೆ ಅಲ್ಲಿಂದ ಮುಂದೆ ಹೋಗಲು ಅವಕಾಶ ದೊರೆಯುವುದಿಲ್ಲ. ಕಾಯ್ದಿರಿಸಿದ ವಸತಿಯ ಹಣವೂ ಹಿಂದಿರುಗಿ ಬರುವ ಭರವಸೆಯಿಲ್ಲ. ಪ್ರವಾಸ ಕೈಗೊಳ್ಳಲು ಉದ್ದೇಶಿಸಿರುವ ನಾಗರಿಕರು ಊರು ಬಿಡುವ ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು, ಪಾವತಿಸಬೇಕಾದ ಶುಲ್ಕ ಹಾಗೂ ರಾಜಧಾನಿಯಾಚೆಗಿನ ಕಣಿವೆಗಳಿಗೆ ಹೋಗಲು ಬೇಕಾಗುವ ಕಾಲಾವಧಿಯ ಬಗ್ಗೆ ಇಲ್ಲಿ ವಿವರಿಸಲಾಗಿದೆ.

ಶುಲ್ಕದ ಹಿನ್ನೆಲೆ

ಭೂತಾನ್‌ನ ವಿಸ್ತೀರ್ಣವು 38,394 ಚದರ ಕಿಲೋಮೀಟರ್‌ಗಳಾಗಿದ್ದು, ಇದು ಕರ್ನಾಟಕದ ವಿಸ್ತೀರ್ಣದ ಐದನೆಯ ಒಂದು ಭಾಗದಷ್ಟಾಗುತ್ತದೆ. ಜನಸಂಖ್ಯೆಯು ಎಂಟು ಲಕ್ಷವನ್ನು ಮೀರುವುದಿಲ್ಲ. 1960ರ ದಶಕದವರೆಗೆ ಆ ದೇಶದಲ್ಲಿ ಮೋಟಾರು ರಸ್ತೆಗಳೇ ಇರಲಿಲ್ಲ. 1958ರಲ್ಲಿ ಭಾರತದ ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಿಕ್ಕಿಂನ ನಾಥು ಲಾ ಕಣಿವೆ ದಾರಿಯಿಂದ ಚುಂಬಿ ಕಣಿವೆಯನ್ನು ಹಾದು, ಕುದುರೆ ಹಾಗೂ ಯಾಕ್‌ಗಳ ಮೇಲೆ ಪ್ರಯಾಣಿಸಿ ಪಾರೋ ತಲುಪಿದ್ದರು. ತರುವಾಯ 1961ರಲ್ಲಿ ಭಾರತದ ಗಡಿ ರಸ್ತೆಗಳ ಸಂಸ್ಥೆಯು 'ದಂತಕ್' ಎಂಬ ಯೋಜನೆಯನ್ನು ಆರಂಭಿಸಿ, ಗಡಿಯಿಂದ ಒಳನಾಡಿಗೆ ರಸ್ತೆಗಳನ್ನು ನಿರ್ಮಿಸಿತು. ಇಂದು ಭಾರತೀಯ ಪ್ರವಾಸಿಗರು ಸಾಗುವ ಹೆದ್ದಾರಿಯ ಮೂಲ ಇದೇ ಆಗಿದೆ.

ವಿದೇಶೀ ಪ್ರವಾಸಿಗರಿಗೆ ಭೂತಾನ್ ತೆರೆದುಕೊಂಡಿದ್ದು 1974ರಲ್ಲಿ. ಆರಂಭದಿಂದಲೂ ಪ್ರವಾಸಿಗರ ಸಂಖ್ಯೆಯನ್ನು ಮಿತಿಯಲ್ಲಿಟ್ಟು, ಬಂದವರಿಂದ ಹೆಚ್ಚಿನ ಆದಾಯ ಪಡೆಯುವುದು ಆ ದೇಶದ ನೀತಿಯಾಗಿದೆ. 2008ರಲ್ಲಿ ಜಾರಿಗೆ ಬಂದ ಭೂತಾನ್ ಸಂವಿಧಾನವು ದೇಶದ ಭೂಭಾಗದ ಕನಿಷ್ಠ ಶೇಕಡ 60ರಷ್ಟು ಎಂದೆಂದಿಗೂ ಅರಣ್ಯವಾಗಿಯೇ ಉಳಿಯಬೇಕೆಂದು ವಿಧಿಸುತ್ತದೆ. ಬಹುಕಾಲ ಭಾರತ, ಬಾಂಗ್ಲಾದೇಶ ಹಾಗೂ ಮಾಲ್ಡೀವ್ಸ್ ದೇಶಗಳ ಪ್ರವಾಸಿಗರಿಗೆ ದಿನವಹಿ ಶುಲ್ಕದಿಂದ ವಿನಾಯಿತಿ ಇತ್ತು. 2020ರಲ್ಲಿ ಅಂಗೀಕರಿಸಲಾದ ಕಾಯ್ದೆಯ ಮೂಲಕ ಈ ವಿನಾಯಿತಿಯನ್ನು ಕೈಬಿಡಲಾಯಿತು. ಕೋವಿಡ್ ಕಾರಣದಿಂದ ಮುಚ್ಚಲ್ಪಟ್ಟಿದ್ದ ಗಡಿಗಳು 2022ರ ಸೆಪ್ಟೆಂಬರ್ 23ರಂದು ಪುನಃ ತೆರೆದ ನಂತರ ಭಾರತೀಯರೂ ಈ ಶುಲ್ಕವನ್ನು ಪಾವತಿಸುತ್ತಿದ್ದಾರೆ. ಹಿಂದೆ ಹೋಗಿಬಂದ ಬಂಧುಗಳ ಮಾತನ್ನು ಆಧರಿಸಿ ಖರ್ಚಿನ ಅಂದಾಜು ಮಾಡುವವರು ಈ ಬದಲಾವಣೆಯನ್ನು ವಿಶೇಷವಾಗಿ ಗಮನಿಸುವುದು ಅಗತ್ಯ.

ಸುಸ್ಥಿರ ಅಭಿವೃದ್ಧಿ ಶುಲ್ಕವೆಂದು ಕರೆಯಲಾಗುವ ಈ ಶುಲ್ಕವು ಭಾರತೀಯ ವಯಸ್ಕರಿಗೆ ಒಂದು ರಾತ್ರಿಗೆ 1,200 ರೂಪಾಯಿಗಳಾಗಿರುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ಇದರ ಅರ್ಧದಷ್ಟು ಶುಲ್ಕವಿದ್ದು, 5 ವರ್ಷ ಹಾಗೂ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಶುಲ್ಕವಿರುವುದಿಲ್ಲ. ಉದಾಹರಣೆಗೆ ಗಂಡ, ಹೆಂಡತಿ, 9 ವರ್ಷದ ಮಗಳು ಹಾಗೂ 4 ವರ್ಷದ ಮಗನಿರುವ ಕುಟುಂಬವು 7 ರಾತ್ರಿ ತಂಗುವುದಾದರೆ, ಇಬ್ಬರು ವಯಸ್ಕರ ಬಾಬ್ತು 16,800 ರೂಪಾಯಿ, ಮಗಳ ಬಾಬ್ತು 4,200 ರೂಪಾಯಿ, ಹೀಗೆ ಒಟ್ಟು 21,000 ರೂಪಾಯಿಗಳನ್ನು ಪಾವತಿಸಬೇಕಾಗುತ್ತದೆ. ವಸತಿ, ಊಟ, ವಾಹನ ಹಾಗೂ ಮಠ-ಕೋಟೆಗಳ ಪ್ರವೇಶ ಶುಲ್ಕಗಳು ಇದರಲ್ಲಿ ಸೇರಿರುವುದಿಲ್ಲ. ಭಾರತದಲ್ಲಿ ನೋಂದಾಯಿತವಾದ ಸ್ವಂತ ವಾಹನವನ್ನು ಒಳನಾಡಿಗೆ ಕೊಂಡೊಯ್ಯಲು ಪ್ರತ್ಯೇಕ ಅನುಮತಿ ಹಾಗೂ ಪ್ರತಿದಿನದ ಶುಲ್ಕವಿರುವುದರಿಂದ, ಗಡಿಯಲ್ಲಿ ಭೂತಾನ್ ನೋಂದಣಿಯ ವಾಹನವನ್ನು ಬಾಡಿಗೆಗೆ ಪಡೆಯುವುದೇ ಸಾಮಾನ್ಯವಾಗಿ ಮಿತವ್ಯಯದ ದಾರಿ.

ಅಗತ್ಯ ದಾಖಲೆಗಳು

ಪ್ರವೇಶಾನುಮತಿಗೆ ಅರ್ಜಿ ಸಲ್ಲಿಸುವ ವಯಸ್ಕರು ಕನಿಷ್ಠ 6 ತಿಂಗಳ ಸಿಂಧುತ್ವ ಉಳಿದಿರುವ ಭಾರತೀಯ ಪಾಸ್‌ಪೋರ್ಟ್ ಅಥವಾ ಭಾರತ ಚುನಾವಣಾ ಆಯೋಗವು ನೀಡಿರುವ ಮತದಾರರ ಗುರುತಿನ ಚೀಟಿ, ಇವೆರಡರಲ್ಲಿ ಒಂದನ್ನು ಮೂಲದಲ್ಲಿ ಹೊಂದಿರತಕ್ಕದ್ದು. ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಪಡಿತರ ಚೀಟಿ ಹಾಗೂ ಆಧಾರ್ ಇವುಗಳಿಗೆ ಬದಲಿಯಾಗಲಾರವು. 18 ವರ್ಷದೊಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದಲ್ಲಿ ಜನನ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು ಹಾಗೂ ಅವರು ಹಿರಿಯರೊಂದಿಗೆ ಪ್ರಯಾಣಿಸಬೇಕು. ಪ್ರಮಾಣಪತ್ರವು ಕನ್ನಡದಲ್ಲಿ ಮಾತ್ರ ಇದ್ದಲ್ಲಿ, ಇಂಗ್ಲಿಷ್ ವಿವರಗಳೂ ಇರುವ ಪ್ರತಿಯನ್ನು ಜನನ-ಮರಣ ನೋಂದಣಾಧಿಕಾರಿಯವರಿಂದ ಮೊದಲೇ ಪಡೆದುಕೊಳ್ಳುವುದು ಸೂಕ್ತ. ಗಡಿಯಲ್ಲಿ ಕನ್ನಡ ಓದಬಲ್ಲ ಅಧಿಕಾರಿ ಇರುವುದಿಲ್ಲ.

ಹಿರಿಯ ನಾಗರಿಕರ ವಿಷಯದಲ್ಲಿ ಒಂದು ಗೊಂದಲವು ಪದೇ ಪದೇ ಕಂಡುಬರುತ್ತದೆ. 15 ವರ್ಷದೊಳಗಿನವರು ಹಾಗೂ 65 ವರ್ಷ ಮೀರಿದವರು ನೇಪಾಳ ಮತ್ತು ಭೂತಾನ್ ಪ್ರಯಾಣಕ್ಕೆ ಆಧಾರ್ ಚೀಟಿಯನ್ನು ಬಳಸಬಹುದೆಂದು ಕೇಂದ್ರ ಗೃಹ ಸಚಿವಾಲಯವು 2019ರಲ್ಲಿ ತಿಳಿಸಿತ್ತು. ಇದು ಭಾರತದಿಂದ ಹೊರಡುವುದಕ್ಕೆ ಸಂಬಂಧಿಸಿದ್ದು. ಒಳಗೆ ಬಿಡುವ ನಿರ್ಧಾರ ಭೂತಾನ್ ವಲಸೆ ಇಲಾಖೆಯದು. ಆದ್ದರಿಂದ ತಂದೆ-ತಾಯಿ, ಅಜ್ಜ-ಅಜ್ಜಿಯರನ್ನು ಕರೆದೊಯ್ಯುವವರು ಅವರ ಮತದಾರರ ಚೀಟಿಯನ್ನು ಹುಡುಕಿ ಇಟ್ಟುಕೊಳ್ಳುವುದು ಕ್ಷೇಮಕರ.

ಹಳೆಯ ಮತದಾರರ ಚೀಟಿಗಳಲ್ಲಿ ಭಾವಚಿತ್ರ ಮಸುಕಾಗಿರುವುದು, ಹೆಸರಿನ ಕಾಗುಣಿತ ಬೇರೆಯಾಗಿರುವುದು ಅಪರೂಪವಲ್ಲ. 'ಲಕ್ಷ್ಮಮ್ಮ' ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚೀಟಿಯಲ್ಲಿ ಒಂದು ರೀತಿ, ವಿಮಾನದ ಟಿಕೆಟ್‌ನಲ್ಲಿ ಇನ್ನೊಂದು ರೀತಿ ಬರೆದಿದ್ದಲ್ಲಿ ವಿವರಣೆ ನೀಡಬೇಕಾದ ಸಂದರ್ಭ ಬರುತ್ತದೆ. ಇಂತಹ ತಿದ್ದುಪಡಿಗೆ, ಹಾಗೂ ಹಾಳಾದ ಅಥವಾ ಕಳೆದುಹೋದ ಚೀಟಿಗೆ ಬದಲಿ ಪಡೆಯಲು ಚುನಾವಣಾ ಆಯೋಗದ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು. ಮೊದಲ ಬಾರಿ ಹೆಸರು ಸೇರಿಸುವವರಿಗೆ ನಮೂನೆ 6 ಅನ್ವಯಿಸುತ್ತದೆ. ಹೊಸ ಚೀಟಿ ಕೈಸೇರಲು ಕಾಲಾವಕಾಶ ಬೇಕಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಇದನ್ನು ಕೈಗೊಳ್ಳತಕ್ಕದ್ದು.

ಮುಂದೆ ಬೇರೆ ದೇಶಗಳಿಗೂ ಹೋಗುವ ಉದ್ದೇಶವಿರುವವರಿಗೆ ಪಾಸ್‌ಪೋರ್ಟ್ ಪಡೆಯುವುದೇ ಉತ್ತಮ. ವಯಸ್ಕರಿಗೆ 36 ಪುಟಗಳ, 10 ವರ್ಷಗಳ ಅವಧಿಯ ಪಾಸ್‌ಪೋರ್ಟ್‌ಗೆ ಸಾಮಾನ್ಯ ಶುಲ್ಕವು 1,500 ರೂಪಾಯಿಗಳಾಗಿದ್ದು, ತತ್ಕಾಲ್ ಸೌಲಭ್ಯಕ್ಕೆ 2,000 ರೂಪಾಯಿಗಳ ಹೆಚ್ಚುವರಿ ಶುಲ್ಕವಿರುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮುಂತಾದೆಡೆಗಳ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲದೆ, ಆಯ್ದ ಅಂಚೆ ಕಚೇರಿಗಳಲ್ಲಿಯೂ ಅರ್ಜಿಗಳನ್ನು ಸ್ವೀಕರಿಸಲಾಗುತ್ತದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ನೀಡುವ ವ್ಯವಸ್ಥೆಯು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಆರಂಭಗೊಂಡ ಎರಡು ಊರುಗಳಲ್ಲಿ ಮೈಸೂರೂ ಒಂದು.

ಅರ್ಜಿ ಸಲ್ಲಿಸುವ ಕ್ರಮ ಹಾಗೂ ಗಡಿ ಪ್ರವೇಶ

ಪ್ರವೇಶಾನುಮತಿಗೆ ಭೂತಾನ್ ವಲಸೆ ಇಲಾಖೆಯ ಅಂತರ್ಜಾಲ ತಾಣದ ಮೂಲಕ ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ನೋಂದಾಯಿತ ಪ್ರವಾಸ ಸಂಸ್ಥೆಗಳೂ ಅರ್ಜಿದಾರರ ಪರವಾಗಿ ಈ ಕಾರ್ಯ ನಿರ್ವಹಿಸುತ್ತವೆ. ಗುರುತಿನ ದಾಖಲೆ, ಇತ್ತೀಚಿನ ಭಾವಚಿತ್ರ, ವಸತಿ ಕಾಯ್ದಿರಿಸಿದ ವಿವರ ಹಾಗೂ ದಿನವಾರು ಪ್ರವಾಸ ಕಾರ್ಯಕ್ರಮವನ್ನು ಲಗತ್ತಿಸಬೇಕಾಗುತ್ತದೆ. ಈ ಕಾರ್ಯಕ್ರಮದ ಪಟ್ಟಿಯನ್ನು ಬಹಳಷ್ಟು ಜನ ಔಪಚಾರಿಕವೆಂದು ಭಾವಿಸಿ ಥಿಂಫು, ಪಾರೋ ಎಂದಷ್ಟೇ ಬರೆಯುತ್ತಾರೆ. ಪುನಾಖಾ, ಬುಮ್‌ಥಾಂಗ್ ಮುಂತಾದ ಕಣಿವೆಗಳಿಗೆ ಹೋಗುವ ಇಚ್ಛೆಯಿದ್ದಲ್ಲಿ ಅವುಗಳ ಹೆಸರುಗಳನ್ನು ಮೊದಲ ಅರ್ಜಿಯಲ್ಲಿಯೇ ನಮೂದಿಸತಕ್ಕದ್ದು. ಥಿಂಫು ನಗರದಿಂದ ಪೂರ್ವಕ್ಕೆ ಸಾಗುವ ರಸ್ತೆಯಲ್ಲಿ, ದೊಚುಲಾ ಘಟ್ಟಕ್ಕೆ ಮುನ್ನ ಹೊಂಗ್‌ತ್ಸೋ ಎಂಬಲ್ಲಿ ತಪಾಸಣಾ ಠಾಣೆಯಿದ್ದು, ಅಲ್ಲಿ ಪ್ರವಾಸಿಗರ ಅನುಮತಿ ಪತ್ರವನ್ನು ಪರಿಶೀಲಿಸಲಾಗುತ್ತದೆ. ರಾಜಧಾನಿಯಾಚೆಗೆ ಹೋಗುವವರಿಗೆ ನೋಂದಾಯಿತ ಮಾರ್ಗದರ್ಶಿಯ ಅಗತ್ಯವಿದೆಯೇ ಎಂಬುದನ್ನೂ ಅರ್ಜಿ ಸಲ್ಲಿಸುವಾಗಲೇ ಕೇಳಿ ತಿಳಿಯಬೇಕು. ಈ ಕುರಿತ ನಿಯಮವು 2022ರಿಂದೀಚೆಗೆ ಪರಿಷ್ಕರಣೆಗೊಳ್ಳುತ್ತಾ ಬಂದಿದೆ.

ವಿಮಾನದಲ್ಲಿ ಹೋಗುವವರು ದೆಹಲಿ, ಕೋಲ್ಕತ್ತಾ ಮುಂತಾದ ನಗರಗಳಿಂದ ಪಾರೋ ತಲುಪಬಹುದು. ಪಾರೋ ವಿಮಾನ ನಿಲ್ದಾಣವು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿರುವ ಕಾರಣ ಮೋಡ ಕವಿದಾಗ ವಿಮಾನಗಳು ತಡವಾಗುವುದುಂಟು. ಹಿಂದಿರುಗುವ ದಿನವೇ ದೆಹಲಿಯಿಂದ ಬೆಂಗಳೂರಿಗೆ ಮುಂದಿನ ವಿಮಾನ ಕಾಯ್ದಿರಿಸುವವರು ಇದನ್ನು ಗಮನದಲ್ಲಿಡಬೇಕು. ರೈಲಿನಲ್ಲಿ ಹೋಗುವವರು ಪಶ್ಚಿಮ ಬಂಗಾಳದ ನ್ಯೂ ಜಲ್‌ಪೈಗುರಿ ಅಥವಾ ಹಾಸಿಮಾರಾ ನಿಲ್ದಾಣದಲ್ಲಿ ಇಳಿದು, ರಸ್ತೆಯ ಮೂಲಕ ಗಡಿಪಟ್ಟಣವಾದ ಜೈಗಾಂವ್ ತಲುಪುತ್ತಾರೆ. ಹಾಸಿಮಾರಾದಿಂದ ಗಡಿ ಸುಮಾರು 20 ಕಿಲೋಮೀಟರ್ ಮಾತ್ರ. ಜೈಗಾಂವ್‌ನ ಗದ್ದಲದ ಬೀದಿ ಮುಗಿಯುವಲ್ಲಿ ಬಣ್ಣದ ಹೆಬ್ಬಾಗಿಲೊಂದಿದ್ದು, ಅದರಾಚೆ ಭೂತಾನ್‌ನ ಫುಂಟ್‌ಶೋಲಿಂಗ್ ಪಟ್ಟಣ ಆರಂಭವಾಗುತ್ತದೆ. ಹೆಬ್ಬಾಗಿಲಿನ ಈಚೆ ವಾಹನಗಳ ಹಾರ್ನ್ ನಿಲ್ಲುವುದೇ ಇಲ್ಲ. ಆಚೆ ಕೇಳಿಸುವುದೇ ಅಪರೂಪ.

ಭೂತಾನ್ ಕಾಲಮಾನವು ಭಾರತೀಯ ಕಾಲಮಾನಕ್ಕಿಂತ 30 ನಿಮಿಷ ಮುಂದಿರುತ್ತದೆ. ಅಲ್ಲಿನ ಸರ್ಕಾರಿ ರಜಾದಿನಗಳೂ ಬೇರೆಯಾಗಿದ್ದು, ಡಿಸೆಂಬರ್ 17ರ ರಾಷ್ಟ್ರೀಯ ದಿನ, ಫೆಬ್ರವರಿಯಲ್ಲಿ ಬರುವ ದೊರೆಯ ಜನ್ಮದಿನ ಹಾಗೂ ಲೋಸಾರ್ ಹೊಸ ವರ್ಷದಂದು ಕಚೇರಿಗಳು ಮುಚ್ಚಿರುತ್ತವೆ. ಗಡಿಯಲ್ಲಿಯೇ ಅನುಮತಿ ಪಡೆಯಲು ಉದ್ದೇಶಿಸಿರುವವರು ಇಂತಹ ದಿನಗಳಲ್ಲಿ ಅಲ್ಲಿಗೆ ತಲುಪದಂತೆ ನೋಡಿಕೊಳ್ಳಬೇಕು.

ಥಿಂಫು ಮತ್ತು ಪಾರೋ

ಸಮುದ್ರ ಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಥಿಂಫು, ವಾಹನ ಸಂಚಾರದ ದೀಪಗಳಿಲ್ಲದ ರಾಜಧಾನಿಯೆಂದು ಹೆಸರಾಗಿದೆ. ಮುಖ್ಯ ಬೀದಿಯ ವೃತ್ತದಲ್ಲಿ ಚಿತ್ತಾರದ ಮಂಟಪವೊಂದರಲ್ಲಿ ನಿಂತ ಪೊಲೀಸರು ಬಿಳಿ ಕೈಗವಸು ತೊಟ್ಟು ವಾಹನಗಳನ್ನು ನಿಯಂತ್ರಿಸುತ್ತಾರೆ. ಹಿಂದೊಮ್ಮೆ ದೀಪಗಳನ್ನು ಅಳವಡಿಸಲಾಗಿತ್ತಾದರೂ ಜನರಿಗೆ ಹಿಡಿಸದೆ ಅವುಗಳನ್ನು ತೆಗೆಯಲಾಯಿತು. ಪಾರೋ ಕಣಿವೆಯ ತಕ್ತ್‌ಸಾಂಗ್ ಮಠವು 1692ರಲ್ಲಿ ಕಡಿದಾದ ಬಂಡೆಯ ಮೇಲೆ ನಿರ್ಮಾಣಗೊಂಡು, 1998ರ ಬೆಂಕಿ ಅನಾಹುತದ ನಂತರ ಪುನರ್ನಿರ್ಮಿಸಲ್ಪಟ್ಟಿದೆ. ಅಲ್ಲಿಗೆ ವಾಹನ ಹೋಗುವುದಿಲ್ಲ. ಏರಿ ಇಳಿಯಲು ಅರ್ಧ ದಿನಕ್ಕಿಂತ ಹೆಚ್ಚು ಬೇಕಾಗುತ್ತದೆ. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್ ಆಗಿದ್ದರೆ ಈ ಮಠದ ಎತ್ತರ 3,100 ಮೀಟರ್‌ಗಿಂತ ಹೆಚ್ಚು. ಆದ್ದರಿಂದ ಬಂದಿಳಿದ ಮರುದಿನವೇ ಏರಲು ಹೊರಡದೆ, ಪ್ರವಾಸದ ಕೊನೆಯಲ್ಲಿ ಇದನ್ನು ಇಟ್ಟುಕೊಳ್ಳುವುದು ದೇಹಕ್ಕೆ ಹಿತ.

ಹೆಚ್ಚಿನ ಭಾರತೀಯ ಪ್ರವಾಸಿಗರು ಈ ಎರಡು ಊರುಗಳೊಂದಿಗೆ ಪುನಾಖಾವನ್ನು ಸೇರಿಸಿ, ಐದಾರು ದಿನಗಳಲ್ಲಿ ಹಿಂದಿರುಗುತ್ತಾರೆ. ಪುನಾಖಾದಲ್ಲಿ ಫೋ ಛು ಮತ್ತು ಮೋ ಛು ಎಂಬ ಎರಡು ನದಿಗಳ ಸಂಗಮದಲ್ಲಿ 17ನೆಯ ಶತಮಾನದ ಜೋಂಗ್ ಇದೆ. ಜೋಂಗ್ ಎಂದರೆ ಕೋಟೆ, ಮಠ ಹಾಗೂ ಜಿಲ್ಲಾಡಳಿತದ ಕಚೇರಿ ಮೂರೂ ಒಂದೇ ಆವರಣದಲ್ಲಿರುವ ಕಟ್ಟಡ. ಅಲ್ಲಿ ಒಂದು ಅಂಗಳದಲ್ಲಿ ಕಡತ ಹಿಡಿದ ನೌಕರರು, ಪಕ್ಕದ ಅಂಗಳದಲ್ಲಿ ಪಾಠ ಒಪ್ಪಿಸುವ ಬಾಲಭಿಕ್ಷುಗಳು ಕಾಣಸಿಗುತ್ತಾರೆ. ಕರ್ತವ್ಯನಿರತ ಕಚೇರಿಗಳಾದ್ದರಿಂದ ಪೂರ್ಣ ತೋಳಿನ ಉಡುಪು ಧರಿಸಿ, ಟೋಪಿ ತೆಗೆದು ಪ್ರವೇಶಿಸತಕ್ಕದ್ದು. ಗರ್ಭಗುಡಿಗಳೊಳಗೆ ಛಾಯಾಚಿತ್ರ ತೆಗೆಯಲು ಅವಕಾಶವಿಲ್ಲ.

ಹೆಚ್ಚು ಪರಿಚಿತವಲ್ಲದ ಕಣಿವೆಗಳು

ಶುಲ್ಕವು ರಾತ್ರಿಗಳ ಲೆಕ್ಕದಲ್ಲಿರುವುದರಿಂದ ಕಡಿಮೆ ದಿನಗಳಲ್ಲಿ ಹೆಚ್ಚು ಊರುಗಳನ್ನು ನೋಡಬೇಕೆಂಬ ಆಸೆ ಸಹಜ. ಆದರೆ ಭೂತಾನ್‌ನ ರಸ್ತೆಗಳು ಇದಕ್ಕೆ ಅನುವು ಮಾಡಿಕೊಡುವುದಿಲ್ಲ. ಥಿಂಫುವಿನಿಂದ ಬುಮ್‌ಥಾಂಗ್‌ಗೆ ಇರುವ ದೂರ ಸುಮಾರು 270 ಕಿಲೋಮೀಟರ್. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವುದಕ್ಕಿಂತ ತುಸು ಕಡಿಮೆ. ಶಿವಮೊಗ್ಗಕ್ಕೆ ಬೆಳಗಿನ ತಿಂಡಿ ಮುಗಿಸಿ ಹೊರಟವರು ಊಟದ ಹೊತ್ತಿಗೆ ತಲುಪುತ್ತಾರೆ. ಬುಮ್‌ಥಾಂಗ್‌ಗಾದರೋ ಘಟ್ಟದ ನಂತರ ಘಟ್ಟ ಏರಿ ಇಳಿಯುವುದರಲ್ಲಿ ಇಡೀ ಹಗಲು ಕಳೆಯುತ್ತದೆ. ನಕ್ಷೆಯ ಮೇಲಿನ ಕಿಲೋಮೀಟರ್‌ಗಳನ್ನು ನೋಡಿ ಕಾರ್ಯಕ್ರಮ ಹಾಕಿಕೊಂಡವರು ಬಹುಪಾಲು ದಿನಗಳನ್ನು ವಾಹನದ ಕಿಟಕಿಯಲ್ಲಿಯೇ ಕಳೆದು, ಅದಕ್ಕಾಗಿ ರಾತ್ರಿಗೆ 1,200 ರೂಪಾಯಿ ತೆರಬೇಕಾಗುತ್ತದೆ. ಒಂದು ವಾರವಿರುವವರು ರಾಜಧಾನಿಯ ಜೊತೆಗೆ ಒಂದೇ ಒಂದು ಕಣಿವೆಯನ್ನು ಆರಿಸಿಕೊಂಡು ಅಲ್ಲಿ ಎರಡು ಮೂರು ರಾತ್ರಿ ತಂಗುವುದು ಎಲ್ಲ ದೃಷ್ಟಿಯಿಂದಲೂ ಪ್ರಯೋಜನಕರ.

ಹೀಗೆ ಆರಿಸಿಕೊಳ್ಳಲು ಮೊದಲು ಸೂಚಿಸಬಹುದಾದುದು ಪಾರೋ ಪಕ್ಕದ ಹಾ ಕಣಿವೆ. ಪಾರೋದಿಂದ ಸುಮಾರು 3,988 ಮೀಟರ್ ಎತ್ತರದ ಚೆಲೆ ಲಾ ಘಟ್ಟವನ್ನು ದಾಟಿ ಇಲ್ಲಿಗೆ ಇಳಿಯಬೇಕು. ಹವೆ ತಿಳಿಯಾಗಿದ್ದಲ್ಲಿ ಘಟ್ಟದ ಮೇಲಿನಿಂದ ಜೋಮೊಲ್ಹಾರಿ ಶಿಖರ ಕಾಣುತ್ತದೆ. ಕಣಿವೆಯಲ್ಲಿ 'ಬಿಳಿ ಗುಡಿ', 'ಕಪ್ಪು ಗುಡಿ' ಎಂಬ ಅರ್ಥದ ಹೆಸರುಗಳುಳ್ಳ ಎರಡು ಪ್ರಾಚೀನ ದೇವಾಲಯಗಳಿವೆ. ಹುರುಳಿಕಾಳಿನಂತೆ ಕಾಣದ, ಮೂರು ಮೂಲೆಯ ಕಾಳಿನ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನಲ್ಲಿ ಸೊಪ್ಪು, ಗಿಣ್ಣು ತುಂಬಿ ಬೇಯಿಸುವ 'ಹೊಯೆಂತೆ' ಎಂಬ ಕಡುಬು ಇಲ್ಲಿನ ಮನೆಮಾತು. ನಮ್ಮ ಮಲೆನಾಡಿನ ಕಡುಬುಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸಲಾರದು. ಭಾರತೀಯ ಸೇನಾ ತರಬೇತಿ ತಂಡದ ಕೇಂದ್ರವು ಹಾ ಪಟ್ಟಣದಲ್ಲಿರುವ ಕಾರಣ, ಸೇನಾ ಆವರಣಗಳ ಬಳಿ ಕ್ಯಾಮೆರಾ ಬಳಸಬಾರದು.

ಚಳಿಗಾಲದಲ್ಲಿ ಹೋಗುವವರಿಗೆ ಫೋಬ್‌ಜಿಖಾ ಸೂಕ್ತವಾದುದು. ಸುಮಾರು 2,900 ಮೀಟರ್ ಎತ್ತರದ ಈ ಅಗಲ ಕಣಿವೆಯ ನಡುವೆ ಜೌಗು ಪ್ರದೇಶವಿದ್ದು, ಟಿಬೆಟ್ ಪ್ರಸ್ಥಭೂಮಿಯಿಂದ ಕಪ್ಪು ಕತ್ತಿನ ಕ್ರೌಂಚ ಪಕ್ಷಿಗಳು ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಬಂದು, ಫೆಬ್ರವರಿ-ಮಾರ್ಚ್ ವೇಳೆಗೆ ಹಿಂದಿರುಗುತ್ತವೆ. ಬರುವಾಗಲೂ ಹೋಗುವಾಗಲೂ ಅವು ಗುಡ್ಡದ ಮೇಲಿನ ಗಂಗ್‌ತೇ ಮಠವನ್ನು ಮೂರು ಸುತ್ತು ಪ್ರದಕ್ಷಿಣೆ ಹಾಕುತ್ತವೆಂದು ಸ್ಥಳೀಯರು ಹೇಳುತ್ತಾರೆ. ಪ್ರತಿ ವರ್ಷ ನವೆಂಬರ್ 11ರಂದು ಮಠದ ಅಂಗಳದಲ್ಲಿ ಕ್ರೌಂಚ ಉತ್ಸವ ನಡೆಯುತ್ತದೆ. ಈ ಕಣಿವೆಗೆ ವಿದ್ಯುತ್ ಒದಗಿಸುವಾಗ ಪಕ್ಷಿಗಳ ಹಾರಾಟಕ್ಕೆ ತಂತಿಗಳು ಅಡ್ಡಿಯಾಗಬಾರದೆಂದು ಅವುಗಳನ್ನು ನೆಲದಡಿಯಲ್ಲಿ ಹಾಯಿಸಲಾಯಿತು. ಹಕ್ಕಿಗಳನ್ನು ಸಮೀಪಿಸುವುದು, ಜೌಗಿನೊಳಗೆ ಇಳಿಯುವುದು ಸಲ್ಲದು. ದೂರದರ್ಶಕ ಒಯ್ಯುವುದು ಒಳ್ಳೆಯದು. ರಾತ್ರಿ ಉಷ್ಣಾಂಶವು ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಕರಾವಳಿಯಿಂದ ಹೊರಡುವ ಕುಟುಂಬಗಳು ಉಣ್ಣೆಯ ಉಡುಪುಗಳ ವಿಷಯದಲ್ಲಿ ಉದಾಸೀನ ಮಾಡಬಾರದು.

ಬುಮ್‌ಥಾಂಗ್ ಎಂಬುದು ಛೋಕೋರ್, ತಾಂಗ್, ಊರಾ, ಛುಮೇ ಎಂಬ ನಾಲ್ಕು ಕಣಿವೆಗಳ ಸಮೂಹ. ದಾರಿಯಲ್ಲಿ ಬರುವ ತ್ರೊಂಗ್‌ಸಾ ಜೋಂಗ್ ಇಂದಿನ ರಾಜವಂಶದ ಮೂಲಸ್ಥಾನ. ಛುಮೇ ಕಣಿವೆಯಲ್ಲಿ ಯಾಥ್ರಾ ಎಂಬ ಉಣ್ಣೆಯ ನೇಯ್ಗೆಯನ್ನು ಮನೆಮನೆಗಳಲ್ಲಿ ಕಾಣಬಹುದು. ತಾಂಗ್ ದಾರಿಯ ಮೇಬರ್ ತ್ಸೋ, ಅಂದರೆ ಉರಿಯುವ ಸರೋವರ, ವಾಸ್ತವದಲ್ಲಿ ನದಿಯೊಂದರ ಆಳವಾದ ಕಮರಿ. 15ನೆಯ ಶತಮಾನದಲ್ಲಿ ಜನಿಸಿದ ಪೇಮಾ ಲಿಂಗ್ಪಾ ಎಂಬ ಸಂತನು ಉರಿಯುವ ದೀಪ ಹಿಡಿದು ಈ ನೀರಿನಲ್ಲಿ ಮುಳುಗಿ, ದೀಪ ಆರದಂತೆಯೇ ಮೇಲೆದ್ದು ಬಂದನೆಂಬ ಪ್ರತೀತಿಯಿದೆ. ಅಂಚಿನ ಬಂಡೆಗಳು ಜಾರುವುದರಿಂದ ಮಕ್ಕಳ ಕೈ ಬಿಡಬಾರದು.

ಇನ್ನೂ ಪೂರ್ವಕ್ಕೆ, ತ್ರುಮ್‌ಶಿಂಗ್ ಲಾ ಘಟ್ಟದಾಚೆ ಮೊಂಗಾರ್, ಲುಂಟ್ಸೆ, ತ್ರಾಶಿಗಾಂಗ್ ಹಾಗೂ ತ್ರಾಶಿಯಾಂಗ್‌ತ್ಸೆ ಜಿಲ್ಲೆಗಳಿವೆ. ಲುಂಟ್ಸೆಯ ಖೋಮಾ ಗ್ರಾಮವು ರೇಷ್ಮೆ ನೇಯ್ಗೆಗೆ, ತ್ರಾಶಿಯಾಂಗ್‌ತ್ಸೆಯು ಮರದ ಬಟ್ಟಲುಗಳಿಗೆ ಹೆಸರಾಗಿವೆ. ಇಲ್ಲಿಗೆ ಬಂದವರು ಬಂದ ದಾರಿಯಲ್ಲೇ ಮರಳಬೇಕಿಲ್ಲ. ದಕ್ಷಿಣದ ಸಮ್‌ದ್ರುಪ್ ಜೋಂಗ್‌ಖಾರ್ ಮೂಲಕ ಅಸ್ಸಾಂಗೆ ಇಳಿದು ಗುವಾಹಟಿಯಿಂದ ರೈಲು ಹಿಡಿಯಬಹುದು. ಈ ಮಾರ್ಗಕ್ಕೆ ಹನ್ನೆರಡು ದಿನಗಳಿಗಿಂತ ಕಡಿಮೆ ಇಟ್ಟುಕೊಳ್ಳುವುದು ಯುಕ್ತವಲ್ಲ. ನಿರ್ಗಮಿಸುವ ಸ್ಥಳವನ್ನೂ ಅರ್ಜಿಯಲ್ಲಿ ನಮೂದಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಂದ ಗುಡ್ಡ ಕುಸಿದು ರಸ್ತೆಗಳು ಮುಚ್ಚುವ ಸಂಭವವಿರುತ್ತದೆ. ಮಾರ್ಚ್‌ನಿಂದ ಮೇ ಹಾಗೂ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಅವಧಿ ಪ್ರಶಸ್ತ.

ಹಣ, ಆರೋಗ್ಯ ಹಾಗೂ ತುರ್ತು ನೆರವು

ಭೂತಾನ್‌ನ ನಾಣ್ಯವಾದ ನ್ಗುಲ್ಟ್ರಮ್ ಮೌಲ್ಯವು ಭಾರತೀಯ ರೂಪಾಯಿಗೆ ಸಮನಾಗಿದ್ದು, ರೂಪಾಯಿ ನೋಟುಗಳೂ ಚಲಾವಣೆಯಲ್ಲಿವೆ. ಆದಾಗ್ಯೂ 100 ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ನೋಟುಗಳನ್ನು ಒಬ್ಬ ವ್ಯಕ್ತಿಯು ಒಟ್ಟು 25,000 ರೂಪಾಯಿಗಳ ಮಿತಿಯಲ್ಲಿ ಮಾತ್ರ ಕೊಂಡೊಯ್ಯತಕ್ಕದ್ದು. 2019ರಲ್ಲಿ ರುಪೇ ಕಾರ್ಡ್ ಹಾಗೂ 2021ರಲ್ಲಿ ಭೀಮ್ ಯುಪಿಐ ಪಾವತಿ ವ್ಯವಸ್ಥೆಗೆ ಅಲ್ಲಿ ಚಾಲನೆ ದೊರೆತಿದೆಯಾದರೂ, ಸಣ್ಣ ಊರುಗಳಲ್ಲಿ ನಗದನ್ನೇ ನೆಚ್ಚಿಕೊಳ್ಳಬೇಕು. ಉಳಿದ ನ್ಗುಲ್ಟ್ರಮ್‌ಗಳನ್ನು ಗಡಿ ದಾಟುವ ಮೊದಲೇ ಬದಲಾಯಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಅವುಗಳನ್ನು ತೆಗೆದುಕೊಳ್ಳುವವರಿಲ್ಲ.

ಉನ್ನತ ಮಟ್ಟದ ಚಿಕಿತ್ಸೆ ದೊರೆಯುವ ರಾಷ್ಟ್ರೀಯ ಆಸ್ಪತ್ರೆ ಥಿಂಫುವಿನಲ್ಲಿದೆ. ಬುಮ್‌ಥಾಂಗ್ ಅಥವಾ ಲುಂಟ್ಸೆಯಲ್ಲಿ ಅನಾರೋಗ್ಯಕ್ಕೊಳಗಾದವರು ಅಲ್ಲಿಗೆ ತಲುಪಲು ದಿನಗಟ್ಟಲೆ ಪ್ರಯಾಣ ಮಾಡಬೇಕಾಗಬಹುದು. ಹೃದಯ ಹಾಗೂ ಶ್ವಾಸಕೋಶದ ತೊಂದರೆಯಿರುವವರು ಎತ್ತರದ ಘಟ್ಟಗಳಿಗೆ ಹೋಗುವ ಮೊದಲು ವೈದ್ಯರ ಸಲಹೆ ಪಡೆದು, ನಿತ್ಯದ ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಹೆಚ್ಚುವರಿ ದಿನಗಳಿಗಾಗುವಷ್ಟು ಇಟ್ಟುಕೊಳ್ಳತಕ್ಕದ್ದು. ಪ್ರವಾಸ ವಿಮೆಯನ್ನು ಮಾಡಿಸುವುದು ಅಪೇಕ್ಷಣೀಯ.

ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ ಕಳೆದುಹೋದಲ್ಲಿ ಮೊದಲು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಥಿಂಫುವಿನಲ್ಲಿರುವ ಭಾರತೀಯ ರಾಯಭಾರ ಕಚೇರಿಯನ್ನು ಅಥವಾ ಫುಂಟ್‌ಶೋಲಿಂಗ್‌ನಲ್ಲಿರುವ ಭಾರತೀಯ ಕಾನ್ಸುಲೇಟ್ ಕಚೇರಿಯನ್ನು ಸಂಪರ್ಕಿಸಬೇಕು. ಎಲ್ಲ ದಾಖಲೆಗಳ ಹಾಗೂ ಪ್ರವೇಶಾನುಮತಿ ಪತ್ರದ ಎರಡೆರಡು ನೆರಳಚ್ಚು ಪ್ರತಿಗಳನ್ನು ಮೂಲ ದಾಖಲೆಗಳಿಂದ ಪ್ರತ್ಯೇಕವಾಗಿ ಬೇರೊಂದು ಚೀಲದಲ್ಲಿಟ್ಟು, ಒಂದು ಪ್ರತಿಯನ್ನು ಊರಿನಲ್ಲಿರುವ ಮನೆಯವರ ಬಳಿ ಬಿಟ್ಟು ಹೊರಡತಕ್ಕದ್ದು.